ಫೋಟೋದಲ್ಲಿಲ್ಲದ ವಸ್ತುಗಳು

ಟಾಯ್ಲೆಟ್ ಪೇಪರಿನ ತುದಿಯನ್ನು ಯಾರೋ ತ್ರಿಕೋನವಾಗಿ ಮಡಿಸಿದ್ದರು.

ಇನ್ಸ್‌ಪೆಕ್ಟರಮ್ಮ ಬಚ್ಚಲುಮನೆಯ ಬಾಗಿಲಲ್ಲೇ ನಿಂತು ಅದನ್ನು ನೋಡಿದಳು. ಹಿಂದಿನ ಭೇಟಿಗಳಲ್ಲಿ ಅವಳ ಕಣ್ಣು ಬೀರು, ಹಾಸಿಗೆ, ಕಿಟಕಿಯ ಚಿಲಕಗಳ ಮೇಲೆ ಓಡಾಡಿ ದಣಿದಿತ್ತೇ ಹೊರತು ಇಷ್ಟು ಸಣ್ಣದರ ಮೇಲೆ ನಿಂತಿರಲಿಲ್ಲ.

"ನಿಮ್ಮತ್ತೆ ಇದನ್ನ ಹೀಗೆ ಮಡಿಸ್ತಿದ್ರಾ?"

ಸೊಸೆ ಹಿಂದಿನಿಂದ ಇಣುಕಿದಳು. "ಅತ್ತೇನಾ? ಇಲ್ಲಮ್ಮ. ಅವರ ಬೆರಳು ನಡುಗುತ್ತೆ. ಗುಂಡಿ ಹಾಕ್ಕೊಳ್ಳೋದೇ ಕಷ್ಟ, ಇಷ್ಟು ನಾಜೂಕಾಗಿ ಎಲ್ಲಿ ಮಡಿಸ್ತಾರೆ?"

ಊರಿನ ನಡುಮಧ್ಯದ ಈ ಟವರಿನ ಹತ್ತೊಂಬತ್ತನೇ ಮಹಡಿಯಲ್ಲಿ ಒಬ್ಬಳೇ ಇದ್ದ ಆ ಅತ್ತೆ ಕಾಣೆಯಾಗಿ ತಿಂಗಳ ಮೇಲಾಗಿತ್ತು. ಸ್ಟೇಷನ್ನಿನವರು ಬಂದರು. ಮನೆ ಓರಣವಾಗಿತ್ತು, ಒಂದು ಸೂಟ್‌ಕೇಸ್ ಇರಲಿಲ್ಲ. ಬುದ್ಧಿ ಮಂಕಾದ ಹೆಂಗಸು ತಾನಾಗಿ ಎದ್ದು ಹೋಗಿದ್ದಾಳೆ ಎಂದು ಕೈ ತೊಳೆದುಕೊಂಡರು. ಹೆತ್ತ ಮಗನೂ ಅದನ್ನೇ ಹೇಳಿದ. ಹುಡುಕಿಸಲೇಬೇಕು ಎಂದು ಹಟ ಹಿಡಿದವಳು ಆ ಮಗನಿಂದ ವಿಚ್ಛೇದನ ಪಡೆದ ಸೊಸೆ.

"ನಾನು ಬಿಟ್ಟಿದ್ದು ಗಂಡನನ್ನ. ಅತ್ತೇನ ಬಿಟ್ಟಿಲ್ಲ," ಎಂದು ಮೊದಲ ದಿನ ಅವಳು ಹೇಳಿದ್ದಳು.

ಆ ಒಂದು ಮಾತಿಗೆ ಇನ್ಸ್‌ಪೆಕ್ಟರಮ್ಮ ಈ ಕೆಲಸ ಒಪ್ಪಿಕೊಂಡಿದ್ದಳು. ಪೊಲೀಸ್ ಕೆಲಸದಿಂದ ನಿವೃತ್ತಳಾದ ಮೇಲೂ ಆ ಹೆಸರು ಅವಳಿಗೆ ಅಂಟಿಕೊಂಡಿತ್ತು. ಹೆಸರಿನ ಹೊರತು ಇನ್ನಾರೂ ಅಂಟಿಕೊಂಡಿರಲಿಲ್ಲ. ತಾನು ಕಾಣೆಯಾದರೆ ಹೀಗೆ ಕಣ್ಣು ಕೆಂಪು ಮಾಡಿಕೊಂಡು ಮಹಡಿ ಮಹಡಿ ಅಲೆಯುವವರು ಯಾರು? ಆ ಪ್ರಶ್ನೆ ಇತ್ತೀಚೆಗೆ ಹಲ್ಲುಜ್ಜುವಾಗಲೂ ಅವಳೆದುರು ಬಂದು ನಿಲ್ಲುತ್ತಿತ್ತು. ಈ ಹುಡುಗಿ ಮೊದಲು ಅವಳನ್ನು ಮೇಡಂ ಎನ್ನುತ್ತಿದ್ದವಳು ಈಗ ಅಮ್ಮ ಎನ್ನುತ್ತಾಳೆ. ಅದು ಹಿತವೆನಿಸಿದ್ದಕ್ಕೆ ಇನ್ಸ್‌ಪೆಕ್ಟರಮ್ಮನಿಗೆ ಒಳಗೊಳಗೇ ನಾಚಿಕೆಯೂ ಆಗಿತ್ತು.

ಅವಳು ಮಲಗುವ ಕೋಣೆಗೆ ಹೋದಳು. ಮಂಚದ ಮೇಲೆ ಎರಡು ದಿಂಬು, ದಿಂಬಿಗೆ ಒರಗಿಸಿ ಒಂದೇ ಮೂಲೆಯ ಮೇಲೆ ನಿಲ್ಲಿಸಿದ ಬೂದು ಬಣ್ಣದ ಕುಶನ್. ಕುರ್ಚಿಯ ಮೇಲೆ ಕೊಳವೆಯ ಹಾಗೆ ಸುತ್ತಿದ ಎರಡು ಟವೆಲ್. ಒಂಟಿ ಹೆಂಗಸಿನ ಮನೆಯಲ್ಲಿ ಎಲ್ಲವೂ ಎರಡೆರಡು.

ಹೊರಗೆ ಕಾರಿಡಾರಿನಲ್ಲಿ ಸೂಟ್‌ಕೇಸಿನ ಚಕ್ರಗಳು ಉರುಳಿಹೋದವು. ಹಳಬರು ಖಾಲಿ ಮಾಡಿ ಹೊಸಬರು ಬರುವ ನಡುವಿನ ಹೊತ್ತು ಅದು. ಆ ಹೊತ್ತಿನಲ್ಲಿ ಈ ಟವರ್ ಯಾರದೂ ಅಲ್ಲ. ಬಾಗಿಲುಗಳೆಲ್ಲ ಹಾರುಹೊಡೆದಿರುತ್ತವೆ, ಬಾಗಿಲ ಹೊರಗೆ ಮೈಲಿಗೆ ಬೆಡ್‌ಶೀಟುಗಳ ರಾಶಿ ಬಿದ್ದಿರುತ್ತದೆ.

ಪಕ್ಕದ ಮನೆಯ ಬಾಗಿಲೂ ತೆರೆದಿತ್ತು. ಇನ್ಸ್‌ಪೆಕ್ಟರಮ್ಮ ಕೇಳದೆ ಒಳಗೆ ಕಾಲಿಟ್ಟಳು. ಅದೇ ಬೂದು ಕುಶನ್ ಒಂದು ಮೂಲೆಯ ಮೇಲೆ ನಿಂತಿತ್ತು. ಅದೇ ಎರಡು ಟವೆಲ್ ಸುರುಳಿ. ಬಚ್ಚಲಿನಲ್ಲಿ ಅದೇ ತ್ರಿಕೋನ.

ಅತ್ತೆಯ ಮನೆ ಬರೀ ಓರಣವಾಗಿರಲಿಲ್ಲ. ಅದನ್ನು ಯಾರೋ ಅತಿಥಿಗಳಿಗೆಂದು ಸಿದ್ಧ ಮಾಡಿದ್ದರು.

*

ಆ ಮಹಡಿಯಲ್ಲಿ ವರ್ಷವಿಡೀ ಇದ್ದವಳು ಅತ್ತೆಯೊಬ್ಬಳೇ. ಮಿಕ್ಕ ಮನೆಗಳೆಲ್ಲ ದಿನಬಾಡಿಗೆಗೆ ಹೋಗುವಂಥವು. ಪಕ್ಕದ ಮನೆಯವರು ಹೇಗೆ ಎಂದು ಯಾರಾದರೂ ಕೇಳಿದರೆ, ಯಾವತ್ತಿನ ಪಕ್ಕದ ಮನೆಯವರು ಎಂದು ಅವಳು ತಿರುಗಿ ಕೇಳುತ್ತಿದ್ದಳಂತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಜೀವಮಾನವಿಡೀ ಊರಿನವರ ಮಾತು ಜೋಡಿಸಿದ ಹೆಂಗಸು. ಮುಪ್ಪಿನಲ್ಲಿ ಕಿವಿ ಮಂದವಾಯಿತು. ಮಾತಾಡಲು ಉಳಿದದ್ದು ಲಿಫ್ಟಿನಲ್ಲಿ ಸಿಗುವ ಅಪರಿಚಿತರು. ಅವರೂ ಮಾರನೆಯ ದಿನ ಇರುತ್ತಿರಲಿಲ್ಲ.

ಅವಳ ಮಗ ಇದೇ ಟವರಿನ ಹತ್ತಾರು ಮನೆಗಳನ್ನು ಮಾಲೀಕರ ಪರವಾಗಿ ಬಾಡಿಗೆಗೆ ಬಿಡುವ ಮ್ಯಾನೇಜರ್. ಸ್ವಚ್ಛ ಮಾಡುವ ಹೆಂಗಸರೆಲ್ಲ ಅವನ ಕೈಕೆಳಗೇ ಇದ್ದರು.

ಅವರಲ್ಲಿ ಹಿರಿಯಳಿಗೆ ಫೋಟೋ ಅಕ್ಕ ಎಂದು ಹೆಸರು. ಪ್ರತಿ ಮನೆಗೂ ಮ್ಯಾನೇಜರ್ ಕಳಿಸಿದ ಒಂದಿಷ್ಟು ಫೋಟೋಗಳು ಅವಳ ಮೊಬೈಲಿನಲ್ಲಿರುತ್ತವೆ. ಕೋಣೆ ಆ ಫೋಟೋದಂತೆ ಆಗುವವರೆಗೆ ಅವಳು ಜಾಗ ಬಿಟ್ಟು ಕದಲುವುದಿಲ್ಲ. ಈಗಲೂ ಒಂದು ಕೈಯಲ್ಲಿ ಮೊಬೈಲ್ ಹಿಡಿದು, ಇನ್ನೊಂದು ಕೈಯಿಂದ ಕುಶನ್ನನ್ನು ತುಸು ಎಡಕ್ಕೆ ಸರಿಸುತ್ತಿದ್ದಳು.

"ಆ ಕಡೆ ಮನೆ ಯಾರು ಕ್ಲೀನ್ ಮಾಡಿದ್ದು?" ಇನ್ಸ್‌ಪೆಕ್ಟರಮ್ಮ ಕೇಳಿದಳು.

"ಅದು ನಮ್ಮದಲ್ಲ ಮೇಡಂ. ಅದು ಮನೆಯವರು ಇರೋ ಮನೆ." ಅವಳು ತಿರುಗಲಿಲ್ಲ.

"ಈಗ ಇಲ್ವಲ್ಲ ಮನೆಯವರು."

"ನಂಗೇನು ಗೊತ್ತು? ನನಗೆ ಬರೋದು ನಂಬರು, ಫೋಟೋ. ಮನುಷ್ಯರ ವಿಷಯ ಯಾರೂ ಹೇಳಲ್ಲ."

ಇನ್ಸ್‌ಪೆಕ್ಟರಮ್ಮ ಅತ್ತೆಯ ಬಚ್ಚಲಿನಿಂದ ಹರಿದು ತಂದಿದ್ದ ಪೇಪರಿನ ತುದಿಯನ್ನು, ಈಗಷ್ಟೇ ಬಿಗಿದು ಹಾಸಿದ ಬಿಳಿ ಹೊದಿಕೆಯ ನಟ್ಟನಡುವೆ ಇಟ್ಟಳು.

ಫೋಟೋ ಅಕ್ಕನ ಕೈ ಅದನ್ನು ಎತ್ತಿ ಬಿಸಾಡಲು ತಾನಾಗಿ ಮುಂದೆ ಬಂತು. ಆಮೇಲೆ ನಿಂತಿತು.

"ಎಲ್ರೂ ಹಾಗೇ ಮಡಿಸ್ತಾರೆ," ಅಂದಳು.

"ಎಲ್ರೂ ಮಡಿಸ್ಲಿ. ಎಂಬತ್ತರ ಹತ್ತಿರ ಬಂದವರು, ಕೈ ನಡುಗೋರು, ಸೂಟ್‌ಕೇಸ್ ತಗೊಂಡು ಮನೆ ಬಿಟ್ಟು ಹೋಗೋ ಮುಂಚೆ ಕೂತ್ಕೊಂಡು ಇದನ್ನ ಮಡಿಸ್ತಾರಾ?"

"ನನ್ನ ಕೆಲಸ ಹೋಗುತ್ತೆ ಮೇಡಂ."

"ಒಂದು ಜೀವ ಹೋಗಿರಬಹುದು."

ಫೋಟೋ ಅಕ್ಕ ಬಾಗಿಲ ಕಡೆ ನೋಡಿದಳು. ಅಲ್ಲಿ ಸೊಸೆ ನಿಂತಿದ್ದಳು, ಕೈಯಲ್ಲಿದ್ದ ಕೀಲಿಗೊಂಚಲನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ. ಯೋಚನೆ ಬಂದಾಗಲೆಲ್ಲ ಅವಳು ಹಾಗೆ ಮಾಡುತ್ತಿದ್ದಳು. ಒಂಟಿ ಹೆಂಗಸಿಗೆ ಇಷ್ಟು ಬಾಗಿಲುಗಳು ಎಲ್ಲಿಂದ ಬಂದವು ಎಂದು ಇನ್ಸ್‌ಪೆಕ್ಟರಮ್ಮ ಒಮ್ಮೆ ತಮಾಷೆ ಮಾಡಿದ್ದುಂಟು.

"ಅಕ್ಕ, ನೀವು ಸ್ವಲ್ಪ ಆಚೆ ಇರ್ತೀರಾ?" ಫೋಟೋ ಅಕ್ಕ ಅವಳಿಗೆ ಹೇಳಿದಳು.

"ಇಲ್ಲ. ನನ್ನೆದುರಿಗೇ ಹೇಳು."

ನನಗೆ ಮೇಡಂ, ಅವಳಿಗೆ ಅಕ್ಕ ಎಂದು ಇನ್ಸ್‌ಪೆಕ್ಟರಮ್ಮನಿಗೆ ಅನ್ನಿಸಿತು. ಅಳುವವರನ್ನು ಯಾರಾದರೂ ಬೇಗ ಹತ್ತಿರ ಮಾಡಿಕೊಳ್ಳುತ್ತಾರೆ ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟಳು.

ಫೋಟೋ ಅಕ್ಕ ಹಾಸಿಗೆ ಕೆಡದಂತೆ ಮಂಚದ ಅಂಚಿಗೆ ತಾಗಿ ನಿಂತು, ಹೇಳಬೇಕಾದದ್ದನ್ನು ಹೇಳಿದಳು. ಆ ಮನೆಯೂ ಫೋಟೋ ಮನೆಯೇ. ಒಂದು ವರ್ಷದಿಂದ ಆಗಾಗ ಬಾಡಿಗೆಗೆ ಹೋಗುತ್ತಿತ್ತು. ಯಜಮಾನಿ ವಾರದ ಕೊನೆಗೆ ಎಲ್ಲೋ ಹೋಗುತ್ತಾಳೆ; ಹೋದ ಗಳಿಗೆಯಲ್ಲಿ ಮ್ಯಾನೇಜರ್ ತಾನೇ ಬಂದು ಅವಳ ಬಟ್ಟೆ, ಔಷಧಿ, ಚಪ್ಪಲಿ ಎಲ್ಲವನ್ನೂ ಮಾಲೀಕರ ಕೋಣೆಯೊಳಗೆ ತುಂಬಿ ಬೀಗ ಹಾಕುತ್ತಿದ್ದ. ಬಾಡಿಗೆ ಮನೆಗಳಲ್ಲೆಲ್ಲ ಅಂಥದೊಂದು ಕೋಣೆ ಇರುತ್ತದೆ, ದೊಡ್ಡ ಬೀರುವಿನಷ್ಟು. ಅದನ್ನು ಇವರು ಮುಟ್ಟುವಂತಿಲ್ಲ. ಅತಿಥಿಗಳು ಬಂದು ಮಲಗೆದ್ದು ಹೋಗುತ್ತಿದ್ದರು. ಇವಳು ಸ್ವಚ್ಛ ಮಾಡುತ್ತಿದ್ದಳು. ಯಜಮಾನಿ ಬರುವುದರೊಳಗೆ ಅವಳ ಸಾಮಾನೆಲ್ಲ ಮತ್ತೆ ತನ್ನ ತನ್ನ ಜಾಗದಲ್ಲಿರುತ್ತಿತ್ತು.

"ಹೆಚ್ಚುಕಡಿಮೆ ತನ್ನ ಜಾಗದಲ್ಲಿ," ಅಂದಳು ಫೋಟೋ ಅಕ್ಕ. "ಸಾರ್‌ಗೆ ನನ್ನಷ್ಟು ಕಣ್ಣಿಲ್ಲ."

ಸೊಸೆ ಗೋಡೆ ಹಿಡಿದುಕೊಂಡು ನೆಲಕ್ಕೆ ಕುಸಿದಳು.

*

ವಾರದ ಕೊನೆಗೆ ಅತ್ತೆ ಹೋಗುತ್ತಿದ್ದದ್ದು ಸೊಸೆಯ ಮನೆಗೆ. ಕಾಣೆಯಾದ ವಾರ ಮಾತ್ರ ಬರಲಿಲ್ಲ ಎಂದು ಸೊಸೆ ಮೊದಲ ದಿನವೇ ಹೇಳಿದ್ದಳು.

ಅವಳನ್ನು ಎಬ್ಬಿಸಿ ನೀರು ಕುಡಿಸಿದ ಮೇಲೆ ಸೊಸೆ ಹೇಳಿದ್ದನ್ನು ಇನ್ಸ್‌ಪೆಕ್ಟರಮ್ಮ ಬಹುಕಾಲ ಮರೆಯಲಾರಳು. ಅತ್ತೆ ಹೇಳಿದ್ದಳಂತೆ, ಒಂದಲ್ಲ ಹತ್ತು ಸಲ. ನನ್ನ ಮನೆಯಲ್ಲಿ ಯಾರೋ ಇದ್ದು ಹೋಗುತ್ತಾರೆ. ನನ್ನ ದಿಂಬಿನಲ್ಲಿ ಬೇರೆಯವರ ವಾಸನೆ. ಕಾಫಿ ಲೋಟ ಒಂದು ಗೂಡು ಕೆಳಗೆ ಇಳಿದಿದೆ. ಬಚ್ಚಲಿನಲ್ಲಿ ಉದ್ದನೆಯ ಕೆಂಚು ಕೂದಲು ಸಿಕ್ಕಿತು, ನೋಡು, ಪೊಟ್ಟಣ ಕಟ್ಟಿ ತಂದಿದ್ದೇನೆ.

"ನಾನು ಆ ಪೊಟ್ಟಣ ಬಿಚ್ಚೂ ನೋಡಲಿಲ್ಲಮ್ಮ. ಡಾಕ್ಟರ್ ಹತ್ರ ಕರ್ಕೊಂಡು ಹೋದೆ."

ಡಾಕ್ಟರ್ ಇಬ್ಬರನ್ನೂ ಮೃದುವಾಗಿ ಮಾತಾಡಿಸಿ, ವಯಸ್ಸಾದವರಲ್ಲಿ ಹೀಗೆ ಯಾರೋ ಮನೆ ಹೊಕ್ಕಂತೆ ಅನ್ನಿಸುವುದುಂಟು ಎಂದು ಗುಳಿಗೆ ಬರೆದುಕೊಟ್ಟರು. ಅತ್ತೆ ಎರಡು ತಿಂಗಳು ಗುಳಿಗೆ ನುಂಗಿದಳು. ಕೊನೆಕೊನೆಗೆ ಕೂದಲು ಸಿಕ್ಕರೂ ಹೇಳುತ್ತಿರಲಿಲ್ಲ. ನನಗೆ ಹುಚ್ಚು ಹಿಡಿಯುತ್ತಿದೆ ಅಂತ ನನಗೇ ಗೊತ್ತಾಗುತ್ತಿದೆ ಕಣೇ, ಎಂದು ಒಮ್ಮೆ ನಕ್ಕಿದ್ದಳಂತೆ.

ಇನ್ಸ್‌ಪೆಕ್ಟರಮ್ಮನಿಗೆ ಮಗನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ಬಗೆಯ ಸುಸ್ತು. ಒಬ್ಬಳು ಹೆಂಗಸು ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು. ಮಗ ಸುಳ್ಳು ಹೇಳಿದ, ಪ್ರೀತಿಸಿದವಳು ಔಷಧಿ ಕೊಡಿಸಿದಳು. ಇಬ್ಬರ ನಡುವೆ ಅವಳು ತನ್ನ ಬುದ್ಧಿಯನ್ನೇ ತಾನು ಕೈಬಿಟ್ಟಳು. ಕಾಣೆಯಾಗಲು ಆಕೆ ಮನೆ ಬಿಟ್ಟು ಹೋಗಬೇಕಾದ ಅಗತ್ಯವೇ ಇರಲಿಲ್ಲ.

"ಕೊನೇ ಸಲ ಏನಾಯ್ತು?" ಎಂದು ಫೋಟೋ ಅಕ್ಕನನ್ನು ಕೇಳಿದಳು.

ಕೊನೆಯ ಸಲ ಆರ್ಡರ್ ಬಂದಾಗ ಇವಳು ಬಾಗಿಲು ತೆರೆದು ನೋಡಿದರೆ ಸಾಮಾನೆಲ್ಲ ಹೊರಗೇ ಇತ್ತು. ಮ್ಯಾನೇಜರ್ ಯಾವುದೋ ಕೆಲಸದಲ್ಲಿ ಸಿಕ್ಕಿಕೊಂಡು, ಒಳಗಿಡುವುದನ್ನು ಮರೆತಿದ್ದ. ಫೋನ್ ಮಾಡಿದರೆ ಎತ್ತಲಿಲ್ಲ. ಅತಿಥಿಗಳು ಕೆಳಗೆ ಬಂದು ಕೂತಿದ್ದರು. ಇವಳು ಮೊಬೈಲ್ ತೆರೆದು ಫೋಟೋ ನೋಡಿದಳು. ಫೋಟೋದಲ್ಲಿ ಚಪ್ಪಲಿ ಇರಲಿಲ್ಲ. ಕನ್ನಡಕದ ಡಬ್ಬಿ, ಹೆಣೆಯುತ್ತಿದ್ದ ಸ್ವೆಟರ್, ಗೋಡೆಯ ಮೇಲಿನ ಮದುವೆ ಚಿತ್ರ, ಯಾವುದೂ ಇರಲಿಲ್ಲ. ಫೋಟೋದಲ್ಲಿ ಇಲ್ಲದ್ದೆಲ್ಲ ಯಾರೋ ಬಿಟ್ಟುಹೋದ ಸಾಮಾನು. ಅದಕ್ಕೊಂದು ಜಾಗವಿದೆ. ಅಲ್ಲಿಗೆ ಸಾಗಿಸಿದಳು.

ಸ್ಟೇಷನ್ನಿನವರು ಬರುವ ಹೊತ್ತಿಗೆ ಮನೆಯಲ್ಲಿ ಆ ಹೆಂಗಸಿನ ಗುರುತೇ ಉಳಿದಿರಲಿಲ್ಲ. ಎಲ್ಲ ಅಣಿ ಮಾಡಿಕೊಂಡು ಹೋಗಿದ್ದಾಳೆ ಎಂದು ಅವರು ನಂಬಿದ್ದು ಇದನ್ನು ನೋಡಿ.

"ಸಾರ್‌ಗೆ ಹೇಳಲಿಲ್ವಾ?"

"ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಪೊಲೀಸ್ ಬಂದ್ರು. ಆಮೇಲೆ ಹೆದರಿಕೆ ಆಯ್ತು." ಕುಶನ್ನಿನ ಮೂಲೆ ಸರಿಪಡಿಸುತ್ತ, "ಸಾರೂ ಏನೂ ಕೇಳಲಿಲ್ಲ," ಅಂದಳು.

*

ಬಿಟ್ಟುಹೋದ ಸಾಮಾನಿನ ಕೋಣೆ ಕೆಳಗಿನ ಬೇಸ್‌ಮೆಂಟಿನಲ್ಲಿ, ಕಾರುಗಳ ಹಿಂದೆ ಇತ್ತು. ಕಬ್ಬಿಣದ ಕಪಾಟುಗಳ ತುಂಬ ಪಾರದರ್ಶಕ ಚೀಲಗಳು. ಪ್ರತಿ ಚೀಲಕ್ಕೂ ಮನೆ ನಂಬರಿನ ಚೀಟಿ. ಚಾರ್ಜರುಗಳು, ಒಂಟಿ ಶೂಗಳು, ಮಗುವೊಂದು ಕಿವಿ ಕಚ್ಚಿ ಹರಿದ ಬಟ್ಟೆಯ ಮೊಲ, ಒಂದು ಜೊತೆ ಕಟ್ಟಿಸಿದ ಹಲ್ಲು.

"ಅದನ್ನ ಕೇಳ್ಕೊಂಡು ಯಾರೂ ಬರಲೇ ಇಲ್ಲ," ಫೋಟೋ ಅಕ್ಕ ಹಲ್ಲಿನ ಕಡೆ ತೋರಿಸಿದಳು. "ಊಟ ಹೇಗೆ ಮಾಡ್ತಿದ್ದಾರೋ, ದೇವರೇ ಬಲ್ಲ."



ಅತ್ತೆಯ ಬದುಕು ನಾಲ್ಕು ಚೀಲಗಳಲ್ಲಿ ಹಿಡಿಸಿತ್ತು. ಸೊಸೆ ನೆಲದ ಮೇಲೆ ಕೂತು ಒಂದೊಂದನ್ನೇ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಳು. ಸ್ವೆಟರಿನಲ್ಲಿ ಹೆಣಿಗೆ ಕಡ್ಡಿ ಚುಚ್ಚಿಕೊಂಡೇ ಇತ್ತು. ರಕ್ತದೊತ್ತಡದ ಮಾತ್ರೆಗಳ ಡಬ್ಬಿ ಕೈಗೆ ಬಂದಾಗ ಅವಳು ಅದನ್ನು ಅಲ್ಲಾಡಿಸಿ ಸದ್ದು ಕೇಳಿ ಕಣ್ಣು ಮುಚ್ಚಿದಳು. ಆ ಮಾತ್ರೆ ಒಂದು ದಿನ ತಪ್ಪಿದರೂ ಅತ್ತೆಗೆ ತಲೆ ಸುತ್ತಿ ಬರುತ್ತಿತ್ತು ಎಂದು ಮೊದಲೇ ಹೇಳಿದ್ದಳು. ಬದುಕಿದ್ದರೆ, ಮಾತ್ರೆಯಿಲ್ಲದೆ ಇಷ್ಟು ದಿನ. ಆ ವಾಕ್ಯವನ್ನು ಇಬ್ಬರೂ ಮುಗಿಸಲಿಲ್ಲ.

ಆಮೇಲೆ ಗುಂಡು ಬ್ಯಾಟರಿಗಳ ಒಂದು ಪಟ್ಟಿ ಸಿಕ್ಕಿತು. ಅಂಗಿಯ ಗುಂಡಿಗಿಂತ ಚಿಕ್ಕವು.

"ಕಿವಿ ಮಷಿನ್ದು," ಸೊಸೆ ಮೂಗೊರೆಸಿಕೊಂಡಳು. "ವಾರಕ್ಕೊಂದು ಬೇಕು, ಅದಕ್ಕಿಂತ ಹೆಚ್ಚು ಬರಲ್ಲ. ಅವರ ಕೈಲಿ ಹಾಕ್ಕೊಳ್ಳೋಕೆ ಆಗಲ್ಲ, ಜಾರಿ ಬೀಳುತ್ತೆ. ಪ್ರತಿ ಸಲ ನಾನೇ ಹಾಕ್ಕೊಡ್ತಿದ್ದೆ."

"ಮಷಿನ್ ಎಲ್ಲಿ?"

ನಾಲ್ಕು ಚೀಲಗಳಲ್ಲೂ ಇರಲಿಲ್ಲ. ಹಾಗಾದರೆ ಕಿವಿಗೆ ಹಾಕಿಕೊಂಡೇ ಹೋಗಿದ್ದಾಳೆ. ಸೊಸೆ ಬ್ಯಾಟರಿ ಪಟ್ಟಿಯನ್ನು ಎದೆಗೊತ್ತಿಕೊಂಡು, ಚೀಲಗಳಿಗೆ ಮುಖ ಮಾಡಿ ಅಳತೊಡಗಿದಳು.

ಇನ್ಸ್‌ಪೆಕ್ಟರಮ್ಮನಿಗೆ ಯಾರನ್ನೂ ಸಮಾಧಾನ ಮಾಡುವ ಅಭ್ಯಾಸವಿರಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟು, ಎಷ್ಟು ಹೊತ್ತಿಗೆ ತೆಗೆಯಬೇಕೆಂದು ತಿಳಿಯದೆ, ಬಾಗಿಲ ಪಕ್ಕದ ಮೇಜಿನತ್ತ ಕಣ್ಣು ಹಾಯಿಸಿದಳು. ಅಲ್ಲಿ ಕಪಾಟು ಸೇರದ ಒಂದು ಹೊಸ ಚೀಲವಿತ್ತು. ಒಳಗೆ ಒಂದು ಕೊಡೆ, ಒಂದು ಬಾಚಣಿಗೆ. ಮೂಲೆಯಲ್ಲಿ ಮೈಬಣ್ಣದ ಒಂದು ಪುಟ್ಟ ವಸ್ತು, ಗೋಡಂಬಿಯ ಆಕಾರದ್ದು.

ಅವಳು ಎದ್ದು ಹೋಗಿ ಚೀಲ ಬಿಚ್ಚಿದಳು. ಚೀಟಿಯನ್ನು ಕಿತ್ತು ಓದಿ ಎಡಮುಷ್ಟಿಯಲ್ಲಿ ಮುಚ್ಚಿಕೊಂಡಳು. ಸಿಕ್ಕ ಸಾಕ್ಷ್ಯವನ್ನು ಗಟ್ಟಿಯಾಗಿ ಓದಬಾರದು ಎನ್ನುವುದು ಹಳೆಯ ಇಲಾಖೆಯ ಅಭ್ಯಾಸ. ಬಲಗೈಯಲ್ಲಿ ಆ ಪುಟ್ಟ ವಸ್ತುವನ್ನು ಹಿಡಿದಳು.

ಅದು ಕೂಗಿತು.

ಸಣ್ಣ ಸೀಟಿಯಂಥ ಸದ್ದು. ಕೈ ಬಿಚ್ಚಿದರೆ ನಿಂತಿತು, ಮುಚ್ಚಿದರೆ ಮತ್ತೆ ಶುರುವಾಯಿತು. ಸೊಸೆ ಅಳು ನಿಲ್ಲಿಸಿ ತಿರುಗಿದಳು.

"ಅತ್ತೇದು," ಅಂದಳು. "ಬ್ಯಾಟರಿ ಇದ್ರೆ ಹಾಗೆ ಕೂಗುತ್ತೆ."

"ಇದು ಎಲ್ಲಿ ಸಿಕ್ತು?" ಇನ್ಸ್‌ಪೆಕ್ಟರಮ್ಮ ಫೋಟೋ ಅಕ್ಕನನ್ನು ಕೇಳಿದಳು.

"ಅದಾ? ಇವತ್ತು ಬೆಳಿಗ್ಗೆ ಕ್ಲೀನ್ ಮಾಡಿದ ಮನೇಲಿ. ಮಾಲೀಕರ ಕೋಣೆ ಬಾಗಿಲ ಹತ್ರ ಬಿದ್ದಿತ್ತು. ಬಾಗಿಲ ಕೆಳಗೆ ಸಂದು ಇರುತ್ತಲ್ಲ, ಅಲ್ಲಿ, ಅರ್ಧ ಒಳಗೆ, ಅರ್ಧ ಹೊರಗೆ." ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. "ಅತಿಥಿಗಳದ್ದು ಇರಬೇಕು ಅಂತ ಎಳ್ಕೊಂಡೆ."

"ಒಳಗಿಂದ ಏನಾದ್ರೂ ಸದ್ದು ಕೇಳಿಸ್ತಾ?"

ಫೋಟೋ ಅಕ್ಕ ಹಿಂದೆ ಸರಿದು ಕಪಾಟಿಗೆ ಒರಗಿದಳು.

"ವ್ಯಾಕ್ಯೂಮ್ ಓಡ್ತಿತ್ತು ಮೇಡಂ."

ಸೊಸೆ ಧಡಕ್ಕನೆ ಎದ್ದಳು. ತೊಡೆಯ ಮೇಲಿದ್ದ ಸ್ವೆಟರ್, ಮಾತ್ರೆ, ಕನ್ನಡಕ ಎಲ್ಲ ನೆಲಕ್ಕೆ ಚೆಲ್ಲಿದವು. ಅವಳು ಅವುಗಳನ್ನು ದಾಟಿ, ಬಾಗಿಲು ದಾಟಿ, ಕಾರುಗಳ ನಡುವೆ ಓಡಿದಳು. ಹಿಂದೆ ಹೋದ ಇನ್ಸ್‌ಪೆಕ್ಟರಮ್ಮನ ಮಂಡಿ ಅಷ್ಟು ಬೇಗ ಮಾತು ಕೇಳಲಿಲ್ಲ. ಅವಳು ತಲುಪುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಸಂದಿನಲ್ಲಿ ಸೊಸೆಯ ಕೈ ಕಾಣಿಸಿತು. ಆ ಕೈ ಗೊಂಚಲಿನಿಂದ ಒಂದು ಸಣ್ಣ ಕೀಲಿಯನ್ನು ಬೇರ್ಪಡಿಸುತ್ತಿತ್ತು.

ಲಿಫ್ಟ್ ಹೊರಟಿತು.

ಮುಷ್ಟಿಯೊಳಗೆ ಯಂತ್ರ ಇನ್ನೂ ಸಣ್ಣಗೆ ಕೂಗುತ್ತಿತ್ತು. ಬ್ಯಾಟರಿಗೆ ಜೀವವಿದೆ. ಅಂದರೆ ಈ ವಾರದೊಳಗೆ ಯಾರೋ ಅದನ್ನು ಬದಲಾಯಿಸಿದ್ದಾರೆ. ಬದುಕಿದ್ದಾಳೆ, ಅಥವಾ ಬೆಳಗಿನವರೆಗೂ ಬದುಕಿದ್ದಳು. ಇನ್ಸ್‌ಪೆಕ್ಟರಮ್ಮನ ಎದೆಯಲ್ಲಿ ಒಂದು ಗಳಿಗೆ ಏನೋ ಹಗುರವಾಯಿತು.

ಮರುಗಳಿಗೆಯೇ ಆ ಹಗುರ ಕಲ್ಲಾಯಿತು. ಅವರ ಕೈಲಿ ಹಾಕ್ಕೊಳ್ಳೋಕೆ ಆಗಲ್ಲ. ಪ್ರತಿ ಸಲ ನಾನೇ.

ಅವಳು ತಲೆಯೆತ್ತಿದಳು. ಲಿಫ್ಟಿನ ಬಾಗಿಲ ಮೇಲೆ ಕೆಂಪು ಅಂಕಿಗಳು ಓಡುತ್ತಿದ್ದವು. ನೆಲಮಹಡಿಯಲ್ಲಿ ನಿಲ್ಲಲಿಲ್ಲ. ಹತ್ತೊಂಬತ್ತು ಬಂತು, ಅಲ್ಲಿಯೂ ನಿಲ್ಲಲಿಲ್ಲ. ಅಲ್ಲಿ ನಿಲ್ಲಲಿ ಎಂದು ಅವಳು ಬೇಡಿಕೊಂಡಿದ್ದಳು. ದಿಕ್ಕು ತೋಚದೆ ಅತ್ತೆಯ ಮನೆಗೇ ಓಡಿದ್ದಾಳೆ ಎಂದಾಗಲಿ. ಪ್ರತಿ ಮಹಡಿಯಲ್ಲೂ ಇಳಿದು, ಬಾಗಿಲು ಬಾಗಿಲು ಬಡಿಯಲು ಹೊರಟಿದ್ದಾಳೆ ಎಂದಾದರೂ ಆಗಲಿ. ತನ್ನನ್ನು ಅಮ್ಮ ಎಂದು ಕರೆದ ಆ ದನಿಯನ್ನು ಕಳೆದುಕೊಳ್ಳಲು ಅವಳಿಗೆ ಶಕ್ತಿಯಿರಲಿಲ್ಲ.

ಅಂಕಿ ಇಪ್ಪತ್ತೇಳಕ್ಕೆ ಬಂದು ನಿಂತಿತು.

ಇನ್ಸ್‌ಪೆಕ್ಟರಮ್ಮ ಎಡಮುಷ್ಟಿಯನ್ನು ಬಿಚ್ಚಿದಳು. ಬೆವರಿಗೆ ಒದ್ದೆಯಾದ ಚೀಟಿಯ ಮೇಲೆ ಫೋಟೋ ಅಕ್ಕನ ದುಂಡು ಅಕ್ಷರದಲ್ಲಿ ಆ ಮನೆಯ ನಂಬರ್ ಇತ್ತು. ಇಪ್ಪತ್ತೇಳನೇ ಮಹಡಿ. ಅದನ್ನು ಅವಳು ಯಾರಿಗೂ ಓದಿ ಹೇಳಿರಲಿಲ್ಲ.